ಕರುಳಲ್ಲಿ ವಿಷ ಕೂಡುತ್ತದೆ ಅಂತ ದಿನಾ ಎನಿಮಾ ಬೇಕಾ?

ಜಮಖಂಡಿಯವ:
ನಮ್ಮಪ್ಪ ಒಂದು ಪ್ರಕೃತಿ ಚಿಕಿತ್ಸೆ ಶಿಬಿರಕ್ಕೆ ಹೋಗಿ ಬಂದಾಗಿನಿಂದ ದಿನಾ ಬೆಳಿಗ್ಗೆ ಎನಿಮಾ ತಗೊಳ್ಳುತ್ತಾರೆ, ತುತ್ತು ಬಾಯಲ್ಲೇ ನೀರಾಗುವ ತನಕ ಅಗಿಯುತ್ತಾರೆ. ಕರುಳಲ್ಲಿ ಹೊಲಸು ನಿಂತರೆ ಅದರ ವಿಷ ರಕ್ತಕ್ಕೆ ಸೇರುತ್ತದಂತೆ, ಎಲ್ಲ ರೋಗಕ್ಕೂ ಅದೇ ಮೂಲವಂತೆ. ವಯಸ್ಸು 68, ಬಿಪಿ ಮಾತ್ರೆ ನಡೆದಿದೆ. ಇದು ಆಯುರ್ವೇದದ್ದಾ? ಎಷ್ಟು ನಂಬಬೇಕು?

ಬೆಳಗಾವಿ ಮೇಷ್ಟ್ರು:
ಆಯುರ್ವೇದದಲ್ಲಿ ಬಸ್ತಿ ಅಂತ ಔಷಧದ ಎನಿಮಾ ಇದೆ, ಆದರೆ ಅದು ದಿನಾ ಮನೆಯಲ್ಲಿ ಮಾಡಿಕೊಳ್ಳೋದಲ್ಲ. ನಿಮ್ಮಪ್ಪ ಹೇಳುವ ಮಾತು ನೂರು ವರ್ಷದ ಹಿಂದೆ ಅಮೆರಿಕ, ಯುರೋಪಿನಲ್ಲಿ ಭಾರಿ ಜೋರಾಗಿತ್ತು. ಮಿಶಿಗನ್‌ನ ಬ್ಯಾಟಲ್ ಕ್ರೀಕ್ ಆರೋಗ್ಯಧಾಮವನ್ನು 1876ರಿಂದ ನಡೆಸಿದ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್, ಅಂದರೆ ಕಾರ್ನ್‌ಫ್ಲೇಕ್ಸ್ ಕೆಲಾಗ್, ಇದನ್ನು ಗಟ್ಟಿಯಾಗಿ ನಂಬಿದ್ದರು. ರೋಗಿಗಳಿಗೆ ಮೊಸರನ್ನು ಬಾಯಿಂದಲೂ ಕೊಡುತ್ತಿದ್ದರು, ಎನಿಮಾದಲ್ಲೂ ಕೊಡುತ್ತಿದ್ದರು! ಅಗಿಯೋ ಪಾಠ ಹೊರೇಸ್ ಫ್ಲೆಚರ್ ಅನ್ನುವವರದು. ಲಂಡನ್ನಿನಲ್ಲಿ ಆರ್ಬತ್‌ನಾಟ್ ಲೇನ್ ಎಂಬ ಸರ್ಜನ್ ಇದೇ ನಂಬಿಕೆಯಿಂದ ಜನರ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದರು. ನೆನೆಸಿಕೊಂಡರೆ ಈಗಲೂ ಸಂಕಟವಾಗುತ್ತದೆ.
1919ರಲ್ಲಿ ವಾಲ್ಟರ್ ಅಲ್ವಾರೆಜ್ ಎಂಬ ಅಮೆರಿಕದ ಡಾಕ್ಟರ್ ಇದನ್ನು ಸರಿಯಾಗಿ ಪ್ರಶ್ನಿಸಿದರು. ಮಲಬದ್ಧತೆ ಇದ್ದಾಗ ತಲೆ ಭಾರ, ಸುಸ್ತು ಇರುತ್ತದೆ, ಹೊಟ್ಟೆ ಖಾಲಿಯಾದ ಕೂಡಲೇ ಹಗುರ ಅನಿಸುತ್ತದೆ ಅಲ್ವಾ? ವಿಷ ರಕ್ತದಲ್ಲಿದ್ದರೆ ಅಷ್ಟು ಬೇಗ ಹೋಗೋದಿಲ್ಲ. ಅದು ಕರುಳು ಹಿಗ್ಗಿ ನರಗಳಿಗೆ ಆಗುವ ತ್ರಾಸು. ಆದರೆ ಕೆಲಾಗ್ ಹೇಳಿದ್ದೆಲ್ಲ ಸುಳ್ಳಲ್ಲ: ಸಿಗರೇಟು, ಸೆರೆ ಬಿಡಿ, ನಾರಿನ ಊಟ ಮಾಡಿ, ಓಡಾಡಿ ಅಂದದ್ದು ಇವತ್ತಿಗೂ ಸರಿ.

ವಿಜಯಪುರ ಸಿಸ್ಟರ್:
ಅಣ್ಣಾ, ಮೊದಲು ಆ ಬಿಪಿ ಮಾತ್ರೆ ಯಾವುದು ನೋಡಿ. ಮೂತ್ರ ಜಾಸ್ತಿ ಮಾಡಿಸುವ ಮಾತ್ರೆಯಾದರೆ ದಿನಾ ಎನಿಮಾದಿಂದ ನೀರು, ಉಪ್ಪು, ಪೊಟ್ಯಾಸಿಯಂ ಏರುಪೇರಾಗಬಹುದು. ಅಂಗಡಿಯಲ್ಲಿ ಸಿಗುವ ಫಾಸ್ಫೇಟ್ ಎನಿಮಾ ಈ ವಯಸ್ಸಿನಲ್ಲಿ, ಅದರಲ್ಲೂ ಕಿಡ್ನಿ ವೀಕ್ ಇದ್ದರೆ, ಅಪಾಯ. ಸೋಪಿನ ನೀರಂತೂ ಬೇಡವೇ ಬೇಡ, ಕರುಳಿನ ಒಳಗೆ ಉರಿಯೇಳುತ್ತದೆ. ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ತಡ ಮಾಡಬೇಡಿ.

ತಪ್ಪಲ ಪ್ರಿಯೆ:
ಅಪ್ಪನ ಜೊತೆ ಜಗಳ ಬೇಡ. ಅಗಿಯೋದು ಒಳ್ಳೆಯದೇ, ಅದಕ್ಕೆ ಹೂಂ ಅನ್ನಿ. ಖಡಕ್ ಜೋಳದ ರೊಟ್ಟಿ ಅಗಿಯದೆ ನುಂಗೋಕೆ ಆಗುತ್ತದಾ? ಜೊತೆಗೆ ಹೆಸರುಕಾಳು ಪಲ್ಯ, ಚೆನ್ನಾಗಿ ತೊಳೆದ ಹಸಿ ಹಕ್ಕರಕಿ, ಮೆಂತ್ಯೆ ತಪ್ಪಲ, ಕುಡಿಯೋಕೆ ಮಜ್ಜಿಗೆ. ನೀರು ಕಡಿಮೆ ಕುಡಿದು ನಾರು ಮಾತ್ರ ಹೆಚ್ಚಿಸಿದರೆ ಹೊಟ್ಟೆ ಇನ್ನೂ ಬಿಗಿಯುತ್ತದೆ, ಅದೊಂದು ನೆನಪಿರಲಿ.

ಜಮಖಂಡಿಯವ:
ಸಿಸ್ಟರ್, ಚೀಟಿ ನೋಡಿದೆ, ಮೂತ್ರದ ಮಾತ್ರೆಯೇ. ಎನಿಮಾ ನಿಲ್ಲಿಸೋಕೆ ಅಪ್ಪ ಒಪ್ಪಿದ್ದಾರೆ. ನಾಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ರಕ್ತದ ಟೆಸ್ಟೂ ಮಾಡಿಸುತ್ತೇನೆ.