ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್‌ನ ನಿಜವಾದ ಶಕ್ತಿ ಎಷ್ಟು?

ಪ್ರಶ್ನೆ (ಶಿರಸಿ)
ಮಾರಿಕಾಂಬಾ ಜಾತ್ರೆಯಲ್ಲಿ ಕೊಂಡ ಹಸಿರು ಲೇಸರ್ ಟಾರ್ಚ್ ಒಂದು ನನ್ನಲ್ಲಿದೆ. ಅದರ ಚೀಟಿಯಲ್ಲಿ ‘5 ಮಿಲಿವ್ಯಾಟ್‌ಗಿಂತ ಕಡಿಮೆ’ ಎಂದಿದೆ; ಮಾರಿದವನು ಮಾತ್ರ ಬೆಂಕಿಕಡ್ಡಿಯನ್ನೂ ಹೊತ್ತಿಸುತ್ತದೆ ಎಂದು ಹೊಗಳಿದ್ದ. ಶಾಲೆಯ ಮಕ್ಕಳಿಗೆ ನಕ್ಷತ್ರ ತೋರಿಸಲು ಇದನ್ನು ಬಳಸಬೇಕೆಂದಿರುವುದರಿಂದ, ಯಾರ ಮಾತು ನಿಜವೆಂದು ಮೊದಲೇ ತಿಳಿಯಬೇಕಾಗಿದೆ. ನನ್ನಲ್ಲಿರುವ ಉಪಕರಣ ಒಂದು ಮಲ್ಟಿಮೀಟರ್ ಮಾತ್ರ.

ಉತ್ತರ 1 (ಸಿದ್ದಾಪುರ)
ತೋಟದಲ್ಲಿ ಮಂಗ ಓಡಿಸಲು ನಾವು ಕೆಂಪು, ಹಸಿರು ಎರಡನ್ನೂ ತಂದಿದ್ದೆವು. ಹಸಿರಿನ ಗೆರೆ ಅಡಿಕೆ ಮರದ ತಲೆಯವರೆಗೂ ಕಾಣುತ್ತದೆ, ಕೆಂಪಿನ ಚುಕ್ಕೆಯನ್ನು ಹುಡುಕಬೇಕು. ಆದ್ದರಿಂದ ಹಸಿರಿನದು ಏನಿಲ್ಲವೆಂದರೂ ಎಂಟು ಪಟ್ಟು ಹೆಚ್ಚು ಶಕ್ತಿಯದು. (ಮಂಗಗಳು ಮೂರನೆಯ ದಿನಕ್ಕೆ ಹೆದರುವುದನ್ನು ಬಿಟ್ಟವು, ಅದು ಬೇರೆ ಮಾತು.)

ಉತ್ತರ 2 (ಕಾರವಾರ)
ಕಣ್ಣನ್ನು ನಂಬಬೇಡಿ. 532 ನ್ಯಾನೋಮೀಟರ್ ತರಂಗಾಂತರದ ಹಸಿರು, ಅಷ್ಟೇ ಶಕ್ತಿಯ 650ರ ಕೆಂಪಿಗಿಂತ ನಮ್ಮ ಕಣ್ಣಿಗೆ ಸುಮಾರು ಎಂಟು ಪಟ್ಟು ಪ್ರಖರವಾಗಿ ಕಾಣುತ್ತದೆ; ಮೇಲಿನವರು ಹೇಳಿದ ಎಂಟು ಪಟ್ಟು ಅಲ್ಲಿಗೇ ಮುಗಿಯಿತು.

ಬ್ಯಾಟರಿಯಿಂದ ಹರಿಯುವ ಕರೆಂಟನ್ನು ಅಳೆದು ವೋಲ್ಟೇಜಿನಿಂದ ಗುಣಿಸಿದರೆ ಮೇಲ್ಮಿತಿಯಷ್ಟೇ ಸಿಗುತ್ತದೆ. ಇನ್ನೂ ಹತ್ತಿರದ ಅಂದಾಜಿಗೆ ಬಿಪಿಡಬ್ಲ್ಯೂ34 ಎಂಬ ಅಗ್ಗದ ಫೋಟೋಡಯೋಡನ್ನು (ಬೆಳಕು ಬಿದ್ದರೆ ಕರೆಂಟ್ ಕೊಡುವ ಬಿಡಿಭಾಗ) ಮೀಟರಿನ ಮಿಲಿಆಂಪಿಯರ್ ಸ್ಥಾನಕ್ಕೆ ಸೇರಿಸಿ, ಕಿರಣವನ್ನು ಅದರ ಮೇಲೆ ಬೀಳಿಸಿ: ಹಸಿರಿಗೆ ಒಂದು ವ್ಯಾಟಿಗೆ ಸುಮಾರು 0.3 ಆಂಪಿಯರ್ ಬರುವುದರಿಂದ, 5 ಮಿಲಿವ್ಯಾಟಿಗೆ 1.5 ಮಿಲಿಆಂಪಿಯರ್ ತೋರಬೇಕು.

ಆದರೆ ಇಲ್ಲೊಂದು ಮೋಸವಿದೆ. ಇಂಥ ಹಸಿರು ಲೇಸರ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದು 808 ನ್ಯಾನೋಮೀಟರ್‌ನ ಅವಗೆಂಪು ಡಯೋಡ್. ಅದರ ಬೆಳಕು ಒಂದು ಹರಳಿನಲ್ಲಿ 1064 ಆಗಿ, ಇನ್ನೊಂದರಲ್ಲಿ ಅರ್ಧಕ್ಕಿಳಿದು 532 ಆಗುತ್ತದೆ. ಕಾಸು ಉಳಿಸಲು ಶೋಧಕ ಗಾಜನ್ನು ಬಿಟ್ಟಿದ್ದರೆ, ಕಾಣದ ಆ ಬೆಳಕೂ ಹೊರಬಂದು ಅಳತೆಯಲ್ಲಿ ಸೇರಿಕೊಳ್ಳುತ್ತದೆ. ರೆಪ್ಪೆ ಮುಚ್ಚಿಸುವ ಪ್ರಖರತೆ ಅದಕ್ಕಿಲ್ಲದ ಕಾರಣ ಕಣ್ಣಿಗೆ ಅದೇ ಹೆಚ್ಚು ಅಪಾಯ. ಬಿಳಿ ರಟ್ಟಿನ ತೂತಿನ ಮೂಲಕ, 10 ಸೆಂಟಿಮೀಟರ್ ಆಚೆ ನೆಟ್ಟಗೆ ನಿಲ್ಲಿಸಿದ ಹಳೆಯ ಸಿ.ಡಿ.ಗೆ ಕಿರಣವನ್ನು ಹಾಯಿಸಿ. ರಟ್ಟಿನ ಮೇಲೆ ತೂತಿನಿಂದ 3.5 ಸೆಂಟಿಮೀಟರ್ ದೂರದಲ್ಲಿ ಹಸಿರು ಚುಕ್ಕೆ ಬೀಳುತ್ತದೆ, 5.8ರ ಸುತ್ತ ಮೊಬೈಲಿನ ಮುಂಬದಿ ಕ್ಯಾಮೆರಾದಲ್ಲಿ ಮಾತ್ರ ಇನ್ನೊಂದು ಕಂಡರೆ, ಅದೇ 808. ಆ ಕ್ಯಾಮೆರಾಗೆ ಟಿವಿ ರಿಮೋಟಿನ ಮಿಣುಕು ಕಾಣುತ್ತದೆಯೇ ಎಂದು ಮೊದಲು ನೋಡಿಕೊಳ್ಳಿ. ನೀವು ಮಾತ್ರ ಕಿರಣದ ದಾರಿಗೆ ಬರದೆ ಪಕ್ಕಕ್ಕೇ ನಿಲ್ಲಬೇಕು.

ಚೀಟಿಯ ವಿಷಯಕ್ಕೆ ಬಂದರೆ, ಅಮೆರಿಕದ ಮಾಪನ ಸಂಸ್ಥೆ ಎನ್‌ಐಎಸ್‌ಟಿ 2013ರಲ್ಲಿ ಪ್ರಕಟಿಸಿದ 122 ಲೇಸರ್‌ಗಳ ಪರೀಕ್ಷೆಯಲ್ಲಿ ಹಸಿರಿನವುಗಳ ಪೈಕಿ ಸುಮಾರು 90 ಪ್ರತಿಶತ ಸುರಕ್ಷತಾ ನಿಯಮಕ್ಕೆ ಹೊಂದಿರಲಿಲ್ಲ.

ಪ್ರಶ್ನೆ ಕೇಳಿದವರು
ಡಯೋಡ್ ಹುಬ್ಬಳ್ಳಿಯಿಂದ ಬಂತು. ಮೀಟರಿನಲ್ಲಿ 14 ಮಿಲಿಆಂಪಿಯರ್ ಕಂಡಾಗ, ಸಂಪರ್ಕ ತಪ್ಪಿರಬೇಕೆಂದು ಎರಡು ಬಾರಿ ಬಿಚ್ಚಿ ಜೋಡಿಸಿದೆ, ಅಷ್ಟೇ ಬಂತು. ಸಿ.ಡಿ. ಪರೀಕ್ಷೆಯಲ್ಲಿ ಹಸಿರು ಚುಕ್ಕೆಯಿಂದ ಸುಮಾರು ಎರಡು ಬೆರಳು ಆಚೆ, ಬರಿಗಣ್ಣಿಗೆ ರಟ್ಟು ಖಾಲಿಯಿದ್ದ ಕಡೆ, ಮೊಬೈಲಿನಲ್ಲಿ ತಿಳಿನೇರಳೆಯ ಚುಕ್ಕೆಯೊಂದಿತ್ತು. ಹಾಗಾದರೆ ಇದು 47 ಮಿಲಿವ್ಯಾಟ್ ಎಂದುಕೊಳ್ಳಬಹುದೇ?

ಉತ್ತರ 2 (ಕಾರವಾರ)
ಹಾಗೆ ಹೇಳಲಾಗದು. ಅವಗೆಂಪಿಗೆ ಆ ಡಯೋಡ್ ಸುಮಾರು ಎರಡು ಪಟ್ಟು ಕರೆಂಟ್ ಕೊಡುವುದರಿಂದ, ಬೆರಕೆ ಎಷ್ಟೆಂದು ತಿಳಿಯದೆ ಒಂದೇ ಅಂಕಿ ಹೇಳುವುದು ತಪ್ಪು. ಆದರೆ ಎಲ್ಲವೂ ಅವಗೆಂಪೇ ಎಂದುಕೊಂಡರೂ ಒಟ್ಟು 20 ಮಿಲಿವ್ಯಾಟ್ ದಾಟುತ್ತದೆ. ಮಕ್ಕಳ ನಡುವೆ ಇದನ್ನು ಹೊತ್ತಿಸಬೇಡಿ. ಬ್ಯಾಟರಿ ತೆಗೆದು ಬೇರೆ ಇಡಿ.