ಮಕ್ಕಳಿಗೆ "ಹುಷಾರು" ಅಂತ ಎಷ್ಟು ಸಲ ಹೇಳೋದು? ತೋಟದ ಮನೆಯವರು ಹೇಗೆ ಕಲಿಸುತ್ತೀರಿ?

ತೋಟದಮನೆ_ಸೊಸೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಾವು ಕೊಡಗಿನ ಸಿದ್ದಾಪುರದ ಕಡೆ ತೋಟದಲ್ಲಿ ಇದ್ದೇವೆ. ನಾನು ಮೈಸೂರಲ್ಲಿ ಬೆಳೆದವಳು. ಮೂರು ವರ್ಷದ ಹಿಂದೆ ಮಾವನಿಗೆ ಹುಷಾರಿಲ್ಲದಾಗ ಎಲ್ಲರೂ ಇಲ್ಲಿಗೇ ಬಂದುಬಿಟ್ಟೆವು. ಮಗಳಿಗೆ 8, ಮಗನಿಗೆ 14.

ಹೋದ ವಾರ ಮಳೆ ರಜೆ ಕೊಟ್ಟಿದ್ದರಲ್ಲ, ಅವತ್ತಿನ ಮಾತು. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತ್ತು. ಮಗಳು ಕೆರೆ ಹತ್ತಿರ ಹೋಗಿದ್ದಾಳೆ. ಕಾಫಿಗೆ ನೀರು ಹೊಡೆಯಲು ಮಾಡಿಸಿದ ಕೆರೆ, ಒಳಗೆಲ್ಲ ಕಪ್ಪು ಪ್ಲಾಸ್ಟಿಕ್ ಶೀಟ್, ಈಗ ತುಂಬಿ ನಿಂತಿದೆ. ಚಪ್ಪಲಿ ಜಾರಿ ನೀರಿಗೆ ಬಿದ್ದಿತಂತೆ, ತೆಗೆಯಲು ಬಗ್ಗಿದವಳು ತಾನೂ ಜಾರಿದ್ದಾಳೆ. ಆ ಶೀಟ್ ಮೇಲೆ ಹತ್ತಲು ಆಗುವುದೇ ಇಲ್ಲ, ಕೈ ಇಟ್ಟಷ್ಟೂ ಜಾರುತ್ತದೆ. ಲೈನ್‌ಮನೆಯ (ತೋಟದ ಕೆಲಸದವರ ಸಾಲು ಮನೆ) ಹುಡುಗಿಯೊಬ್ಬಳು ಜೊತೆಗಿದ್ದಳು, ಅವಳಿಗೆ ಹನ್ನೆರಡು ಇರಬಹುದು. ಅವಳು ನೀರಿಗೆ ಹಾರಲಿಲ್ಲ. ಪಂಪ್ ಶೆಡ್ಡಿಗೆ ಒರಗಿಸಿದ್ದ ದೋಟಿ (ಕಾಯಿ ಕೀಳುವ ಉದ್ದ ಕೋಲು) ತಂದು, ಹೊಟ್ಟೆ ಮೇಲೆ ಮಲಗಿ, ಅದನ್ನು ಚಾಚಿ ಹಿಡಿದು ಕೂಗಿಕೊಂಡಿದ್ದಾಳೆ. ನಾವು ಓಡಿ ಹೋಗುವಷ್ಟರಲ್ಲಿ ನನ್ನ ಮಗಳು ದೋಟಿ ಹಿಡಿದುಕೊಂಡು ಅಳುತ್ತಿದ್ದಳು.

ಏನೂ ಆಗಲಿಲ್ಲ. ಆದರೆ ನನಗೆ ಇನ್ನೂ ನಿದ್ದೆ ಸರಿಯಾಗಿ ಬರುತ್ತಿಲ್ಲ. ಕೆರೆ ಹತ್ತಿರ ಹೋಗಬೇಡ ಅಂತ ದಿನಾ ಹೇಳುತ್ತಿದ್ದೆ. ಆನೆ ಇದೆ ಹುಷಾರು, ಹಾವು ಇದೆ ಹುಷಾರು, ಕರೆಂಟ್ ಹುಷಾರು. ಮಗನಂತೂ ನಾನು ಬಾಯಿ ಬಿಟ್ಟರೆ ಇಯರ್‌ಫೋನ್ ಹಾಕಿಕೊಳ್ಳುತ್ತಾನೆ. ಹೆದರಿಸಿ ನೋಡಿದೆ, ಬೈದೂ ನೋಡಿದೆ. ನೀವೆಲ್ಲ ಏನು ಮಾಡುತ್ತೀರಿ?

ವಿರಾಜಪೇಟೆ_ತಾತ:

ಮಗಳೇ, ಮೊದಲು ಆ ಲೈನ್‌ಮನೆ ಹುಡುಗಿಗೆ ಏನಾದರೂ ಒಳ್ಳೆಯದು ಕೊಡಿಸು. ದೊಡ್ಡವರಿಗೇ ಆ ಬುದ್ಧಿ ಇರಲ್ಲ. ಒಬ್ಬ ಮುಳುಗುತ್ತಿದ್ದಾನೆ ಅಂತ ಇನ್ನೊಬ್ಬ ಹಾರುತ್ತಾನೆ, ಇವನನ್ನು ಹಿಡಿಯಲು ಮೂರನೆಯವನು ಹಾರುತ್ತಾನೆ. ಪೇಪರಿನಲ್ಲಿ ವರ್ಷಾ ವರ್ಷಾ ಓದುತ್ತೇವಲ್ಲ.

"ಹುಷಾರು" ಅನ್ನುವ ಮಾತಿನಲ್ಲಿ ಏನೂ ಇಲ್ಲ. ಏನು ಮಾಡಬೇಕು ಅಂತ ಅದು ಹೇಳುವುದಿಲ್ಲ. ಮಗುವಿಗೆ ಕೈಗೆ ಕೆಲಸ ಕೊಡಬೇಕು. ನಮ್ಮ ಕೆರೆಗೆ ನಾನು ಮಾಡಿದ್ದು ಹೇಳುತ್ತೇನೆ. ಐದು ಲೀಟರಿನ ಅಡುಗೆ ಎಣ್ಣೆ ಕ್ಯಾನ್ (ಗಿಡಕ್ಕೆ ಹೊಡೆಯುವ ಔಷಧಿಯ ಕ್ಯಾನ್ ಬೇಡವೇ ಬೇಡ), ಎಸೆಯಲು ಸ್ವಲ್ಪ ತೂಕ ಬರಲಿ ಅಂತ ಒಂದು ಲೋಟ ನೀರು ಹಾಕಿ, ಮುಚ್ಚಳ ಬಿಗಿ ಮಾಡಿ, ಹಿಡಿಕೆಗೆ ಉದ್ದ ಹಗ್ಗ ಕಟ್ಟಿ ಏರಿ ಮೇಲೆ ಗೂಟಕ್ಕೆ ನೇತುಹಾಕಿದ್ದೇನೆ. ಎರಡು ಕಡೆ ಗಂಟು ಹಾಕಿದ ದಪ್ಪ ಹಗ್ಗ ನೀರಿನೊಳಗೆ ಇಳಿಬಿಟ್ಟಿದೆ, ಬಿದ್ದವರು ಹಿಡಿದು ಹತ್ತಲು. ಸುತ್ತ ಬೇಲಿ, ಗೇಟಿನ ಚಿಲಕ ಚಿಕ್ಕ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ.

ಆಮೇಲೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿ ಕೆರೆಯಲ್ಲಿ ಒಂದು ತೆಂಗಿನಕಾಯಿ ತೇಲಿಬಿಟ್ಟೆ. ಇವನು ಮುಳುಗುತ್ತಿದ್ದಾನೆ, ಕ್ಯಾನ್ ಎಸೆಯಿರಿ ಅಂದೆ. ಮೊದಲ ದಿನ ಒಬ್ಬರದೂ ಹತ್ತಿರ ಹೋಗಲಿಲ್ಲ. ಒಬ್ಬ ಹಗ್ಗದ ತುದಿ ಹಿಡಿಯದೆ ಎಸೆದ, ಕ್ಯಾನ್ ಹಗ್ಗ ಎರಡೂ ಕೆರೆಗೆ! ಈಗ ಪಂದ್ಯ ಕಟ್ಟಿ ಆಡುತ್ತಾರೆ. ಮೊದಲು ಕೂಗು, ಆಮೇಲೆ ಎಸೆ, ನೀರಿಗೆ ಮಾತ್ರ ಇಳಿಯಬೇಡ. ಇಷ್ಟೇ ಪಾಠ.

ಕೋವಿಗೆ ಪೂಜೆ ಮಾಡುವ ನಮ್ಮ ಕೊಡವರ ಹಬ್ಬ ಕೈಲ್ ಮುಹೂರ್ತ ಬೇರೆ ಬರುತ್ತಿದೆ, ಅದಕ್ಕೆ ಇದೂ ಹೇಳಿಬಿಡುತ್ತೇನೆ. ನಮ್ಮ ಅಪ್ಪ ನನಗೆ ಕೋವಿ ಕಲಿಸಿದ್ದು ಹೀಗೆ. ಮೊದಲ ದಿನ ಗುಂಡು ಇಲ್ಲ, ಏನೂ ಇಲ್ಲ. ಖಾಲಿ ಕೋವಿ ಹಿಡಿದು ಐನ್‌ಮನೆಯಿಂದ (ಮನೆತನದ ಮೂಲ ಮನೆ) ಗದ್ದೆವರೆಗೆ ಹೋಗಿ ಬಾ ಅಂದರು. ಅವರು ಹಿಂದೆ. ದಾರಿಯಲ್ಲಿ ನಳಿಗೆಯ ತುದಿ ಒಂದು ನಾಯಿ ಕಡೆ ತಿರುಗಿದರೂ ಸಾಕು, ವಾಪಸ್ ಮನೆಗೆ, ಮತ್ತೆ ಮೊದಲಿಂದ. ಮೂರು ದಿನ ನಡೆದೆ. "ಖಾಲಿ ಕೋವಿ ಅಂತ ಒಂದು ಇಲ್ಲವೇ ಇಲ್ಲ" ಅನ್ನುತ್ತಿದ್ದರು. ಕೊಡವರಿಗೆ ಕೋವಿ ಲೈಸೆನ್ಸಿನ ವಿನಾಯಿತಿ 2029ರವರೆಗೆ ಮುಂದುವರಿದಿದೆ, ಸರಿ. ಆದರೆ ವಿನಾಯಿತಿ ಲೈಸೆನ್ಸಿಗೆ, ಬುದ್ಧಿಗೆ ಅಲ್ಲ. ಕೋವಿ ಒಂದು ಬೀಗದಲ್ಲಿ, ತೋಟೆ (ಗುಂಡು) ಇನ್ನೊಂದು ಬೀಗದಲ್ಲಿ ಇರಲಿ. ಬೀಗದ ಕೈ ಕ್ಯಾಲೆಂಡರ್ ಹಿಂದೆ ಇಡಬೇಡಿ, ಮಕ್ಕಳಿಗೆ ಎಲ್ಲ ಗೊತ್ತಿರುತ್ತದೆ.

ಕುಟ್ಟ_ಹುಡ್ಗ:

ಏನ್ರೀ ಇದೆಲ್ಲ. ನಾವು ಚಿಕ್ಕವರಿದ್ದಾಗ ಹೊಳೆಯಲ್ಲೇ ಈಜು ಕಲಿತೆವು. ಯಾರೂ ಕ್ಯಾನ್ ಕಟ್ಟಲಿಲ್ಲ, ಹಗ್ಗ ಕಟ್ಟಲಿಲ್ಲ. ಏನಾಯ್ತು ಈಗ? ಈಗಿನವರು ಮಕ್ಕಳನ್ನು ಜಾಸ್ತಿ ಮುದ್ದು ಮಾಡಿ ಹಾಳು ಮಾಡುತ್ತಿದ್ದೀರಿ.

ವಿರಾಜಪೇಟೆ_ತಾತ:

ನಿನಗೆ ಏನೂ ಆಗಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೀಯ ಮಾರಾಯ. ನನ್ನ ಜೊತೆ ಓದಿದ ಇಬ್ಬರು ಬರೆಯಲು ಇಲ್ಲ. ಮತ್ತೆ ಆಗಿನ ಕೆರೆ ಮಣ್ಣಿನದು, ಮೆಟ್ಟಿಲು ಇತ್ತು, ಬೇರು ಇತ್ತು, ಹಿಡಿದು ಹತ್ತುತ್ತಿದ್ದೆವು. ಪ್ಲಾಸ್ಟಿಕ್ ಕೆರೆಯಲ್ಲಿ ಈಜು ಬರುವವನೂ ಸುಸ್ತಾಗಿ ಮುಳುಗುತ್ತಾನೆ. ಈಜು ಕಲಿಸಬೇಡಿ ಅಂತ ನಾನು ಎಲ್ಲಿ ಹೇಳಿದೆ?

ಸಿಸ್ಟರ್_ಮಡಿಕೇರಿ:

ಅಕ್ಕ, ಮಗಳು ನೀರು ಕುಡಿದಿದ್ದಳಾ? ಕೆಮ್ಮು, ಏದುಸಿರು ಏನಾದರೂ ಇದ್ದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.

ತಾತ ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ನೀರಿನಿಂದ ತೆಗೆದ ಮೇಲೆ ಮಗುವನ್ನು ತಲೆಕೆಳಗೆ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು, ಇವು ಎರಡೂ ಬೇಡ. ಅಲ್ಲೇ ಸಮಯ ಹೋಗಿಬಿಡುತ್ತದೆ. ಉಸಿರು ಇಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಆಮೇಲೆ ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ನಿಮ್ಮ ಮಗನಿಗೆ 14 ಅಂದರಲ್ಲ, ಆ ವಯಸ್ಸಿಗೆ ಎದೆ ಒತ್ತುವುದನ್ನು ಚೆನ್ನಾಗಿ ಕಲಿಯುತ್ತಾರೆ. ದಿಂಬಿನ ಮೇಲೆ ಮಾಡಿಸಿ ತೋರಿಸಿದರೆ ಇಯರ್‌ಫೋನ್ ತಾನೇ ಕಿತ್ತು ಕೂರುತ್ತಾನೆ, ನಾನು ನೋಡಿದ್ದೇನೆ.

ಹಾವಿಗೂ ಹಾಗೆಯೇ. "ಹಾವು ಇದೆ" ಅಂದರೆ ಮಗು ಏನು ಮಾಡಬೇಕು? ಶೂ, ಗಂಬೂಟ್ ಹಾಕುವ ಮೊದಲು ಕೊಡವಬೇಕು. ಸೌದೆ ರಾಶಿಗೆ ಬರಿಗೈ ಹಾಕಬಾರದು. ಕತ್ತಲಾದ ಮೇಲೆ ಅಂಗಳಕ್ಕೂ ಟಾರ್ಚ್ ಬೇಕು. ದಿನಾ ನೀವೂ ಮಾಡಿದರೆ ಅವರೂ ಮಾಡುತ್ತಾರೆ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಬ್ಲೇಡ್ ಹಾಕುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ ಬಳೆ ತೆಗೆದು, ಕೈಕಾಲು ಆಡಿಸದೆ, ನೇರ ಆಸ್ಪತ್ರೆಗೆ. ನಾಟಿ ಮದ್ದು ಅಂತ ಎರಡು ಗಂಟೆ ಕಳೆದುಕೊಂಡು ಬಂದವರನ್ನು ನೋಡಿ ನೋಡಿ ಸಾಕಾಗಿದೆ. ಹಾವನ್ನು ಹೊಡೆದು ಚೀಲದಲ್ಲಿ ತರಲೂ ಬೇಡಿ, ದಯವಿಟ್ಟು!

ಮಳೆಗಾಲದ ಇನ್ನೊಂದು ವಿಷಯ, ಇದನ್ನು ಯಾರೂ ಮಕ್ಕಳಿಗೆ ಹೇಳುವುದಿಲ್ಲ. ಬಟ್ಟೆ ಒಣಗಲಿ, ಬೆಚ್ಚಗಿರಲಿ ಅಂತ ಕೆಂಡದ ಬಾಣಲೆ ರೂಮಿನೊಳಗೆ ಇಟ್ಟು ಬಾಗಿಲು ಹಾಕಿ ಮಲಗುತ್ತಾರೆ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊಗೆ ಇಲ್ಲದ ಕೆಂಡ ಒಳ್ಳೆಯದು ಅಂದುಕೊಂಡಿರುತ್ತಾರೆ. ನಿದ್ದೆಯಲ್ಲೇ ಪ್ರಾಣ ಹೋಗುತ್ತದೆ. ಕಿಟಕಿ ಇಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇಟ್ಟರೂ ಇದೇ ಕಥೆ. ಮಲಗುವ ಮೊದಲು ಕೆಂಡ ಹೊರಗೆ ಹೋಯ್ತಾ ಅಂತ ನೋಡುವ ಕೆಲಸ ನಿಮ್ಮ ಮಗಳಿಗೇ ಕೊಡಿ. 8 ವರ್ಷದವರಿಗೆ ಮನೆಯವರನ್ನು ಗದರಿಸುವ ಅಧಿಕಾರ ಸಿಕ್ಕರೆ ಒಂದು ದಿನವೂ ಮರೆಯುವುದಿಲ್ಲ.

ಮತ್ತೆ, ಕಳೆನಾಶಕವನ್ನು ಜ್ಯೂಸ್ ಬಾಟಲಿಗೆ ಸುರಿದು ಇಡುವ ಮನೆ ಇನ್ನೂ ಇವೆ. ಇದು ಮಕ್ಕಳಿಗೆ ಕಲಿಸುವುದಲ್ಲ, ದೊಡ್ಡವರಿಗೆ ಕಲಿಸುವುದು.

ಹೈಸ್ಕೂಲ್_ಮೇಷ್ಟ್ರು:

ಸೋಮವಾರಪೇಟೆ ಕಡೆ ಹೈಸ್ಕೂಲಿನಲ್ಲಿದ್ದೇನೆ. ಮೇಡಂ, ಅಪಾಯ ಎಲ್ಲಿದೆ ಅಂತ ನಾವೇ ಹೇಳಿದರೆ ಅವರಿಗೆ ಬೋರ್. ಅವರನ್ನೇ ಕೇಳಬೇಕು.

ನಾನು ಎಂಟನೇ ಕ್ಲಾಸಿಗೆ ಒಂದು ಕೆಲಸ ಕೊಟ್ಟಿದ್ದೆ. ಮನೆಯಿಂದ ಸ್ಕೂಲಿಗೆ ಬರುವ ದಾರಿಯ ನಕ್ಷೆ ಬರೆಯಿರಿ, ಎಲ್ಲಿ ಹೆದರಿಕೆ ಆಗುತ್ತದೋ ಅಲ್ಲಿ ಕೆಂಪು ಚುಕ್ಕೆ ಹಾಕಿ. ಆನೆ ದಾಟುವ ಜಾಗ, ಹಲಸಿನ ಮರ ಇರುವ ತಿರುವು, ತೋಡಿನ ಮೇಲಿನ ಮರದ ಪಾಲ (ಸೇತುವೆ), 2018ರಲ್ಲಿ ಗುಡ್ಡ ಕುಸಿದ ಬರೆ, ಇವೆಲ್ಲ ಬರುತ್ತವೆ ಅಂದುಕೊಂಡಿದ್ದೆ. ಬಂದವು. ಗಂಡು ಮಕ್ಕಳು ಆನೆಗಳನ್ನು ಬಹಳ ಚೆನ್ನಾಗಿ ಬರೆದಿದ್ದರು, ಒಬ್ಬನಂತೂ ಲದ್ದಿ ಕೂಡ. ಆದರೆ ಒಂದೇ ದಾರಿಯಿಂದ ಬರುವ ನಾಲ್ಕು ಹುಡುಗಿಯರು ಕೆಂಪು ಚುಕ್ಕೆ ಹಾಕಿದ್ದು ಆನೆಗೆ ಅಲ್ಲ, ಬಸ್ ಸ್ಟಾಪಿಗೆ. ಯಾಕೆ ಅಂತ ಕ್ಲಾಸಿನಲ್ಲಿ ಕೇಳಲಿಲ್ಲ. ಆಮೇಲೆ ನಮ್ಮ ಮೇಡಂ ಒಬ್ಬರು ಅವರ ಜೊತೆ ಕೂತು ಮಾತಾಡಿದರು. ಅಲ್ಲಿ ಸಂಜೆ ಕೂರುವ ಒಬ್ಬ ಗಂಡಸು ಮೈ ಮುಟ್ಟಿ ಮಾತಾಡಿಸುತ್ತಿದ್ದ. ಎಷ್ಟು ತಿಂಗಳಿಂದಲೋ. ಮನೆಯಲ್ಲಿ ಹೇಳಿದರೆ ಸ್ಕೂಲ್ ಬಿಡಿಸುತ್ತಾರೆ ಅಂತ ಸುಮ್ನೆ ಇದ್ದರು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆ 2012ರಿಂದ ಇದೆ, ಮಕ್ಕಳ ಸಹಾಯವಾಣಿ 1098 ಅಂತ ನಾನೇ ಗೋಡೆ ಮೇಲೆ ಬರೆಸಿದ್ದೆ. ಆ ಗೋಡೆ ಪಕ್ಕವೇ ದಿನಾ ಓಡಾಡುತ್ತಿದ್ದರು! ಪೊಲೀಸರಿಗೆ ಹೇಳಿದೆವು, ಮುಂದಿನದು ನಡೆಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಾವು ಆನೆ ಆನೆ ಅಂತ ಕೂತಿದ್ದೆವು. ನಿಮ್ಮ ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು ನೋಡಿ. ಬರೆದದ್ದನ್ನು ನೋಡಿ ತಕ್ಷಣ ಬೈಯಬೇಡಿ, ದಾರಿ ಬದಲಿಸು, ಮನೆಯಲ್ಲೇ ಇರು ಅನ್ನಬೇಡಿ. ಅದನ್ನು ಅಂದರೆ ಮುಂದಿನ ಸಲ ಖಾಲಿ ಹಾಳೆ ಕೊಡುತ್ತಾರೆ.

ಕಾಲೇಜ್_ಪೊನ್ನಂಪೇಟೆ:

ನನಗೆ 19. ಮಗನ ಕಡೆಯಿಂದ ನಾನು ಮಾತಾಡುತ್ತೇನೆ ಆಂಟಿ.

15ರಲ್ಲಿ ನಾನು ಸ್ಕೂಟರ್ ಓಡಿಸುತ್ತಿದ್ದೆ. ಮೊದಲು ತೋಟದ ಒಳಗೆ, ಆಮೇಲೆ ಅಂಗಡಿವರೆಗೆ, ಆಮೇಲೆ ಗೋಣಿಕೊಪ್ಪ. ಅಪ್ಪನೇ ಕಳಿಸುತ್ತಿದ್ದರು, ಹಾಲು ತಾ, ಪೇಪರ್ ತಾ ಅಂತ. ಹೆಲ್ಮೆಟ್ ಹಾಕು ಅಂತ ಹೇಳುತ್ತಿದ್ದರು, ತಾವು ಮಾತ್ರ ಅದನ್ನು ಹ್ಯಾಂಡಲಿಗೆ ನೇತುಹಾಕಿಕೊಂಡು ಹೋಗುತ್ತಿದ್ದರು. ಒಂದು ದಿನ ತಿರುವಿನಲ್ಲಿ ಜಲ್ಲಿ ಮೇಲೆ ಜಾರಿ ಬಿದ್ದೆ. ಮಂಡಿ ಕಿತ್ತುಹೋಗಿತ್ತು. ಗಾಡಿಗೆ ಗೀರು ಬಿದ್ದದ್ದಕ್ಕೆ ಬೈಯುತ್ತಾರೆ ಅಂತ ಐದು ದಿನ ಪ್ಯಾಂಟ್ ಹಾಕಿಕೊಂಡೇ ಮಲಗಿದೆ. ಕೀವಾಗಿ ಜ್ವರ ಬಂದ ಮೇಲೆ ಅಮ್ಮನಿಗೆ ಗೊತ್ತಾಯಿತು. ಬಿದ್ದಿದ್ದಕ್ಕಿಂತ ಮುಚ್ಚಿಟ್ಟಿದ್ದೇ ದೊಡ್ಡ ತೊಂದರೆ ಆಯಿತು.

ಈಗ ಕಾನೂನು ಗೊತ್ತಲ್ವಾ, 18 ತುಂಬದವರು ಓಡಿಸಿ ಏನಾದರೂ ಆದರೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು, ಹುಡುಗನಿಗೆ 25 ಆಗುವವರೆಗೆ ಲೈಸೆನ್ಸ್ ಇಲ್ಲ. ನನ್ನ ತಮ್ಮನಿಗೆ ಆನೆ, ಸಾವು ಯಾವುದೂ ನಾಟಲಿಲ್ಲ. ಲೈಸೆನ್ಸ್ 25ಕ್ಕೆ ಅಂದಿದ್ದು ಮಾತ್ರ ನಾಟಿತು. ನಿಮ್ಮ ಮಗನಿಗೂ ಇದನ್ನೇ ಹೇಳಿ ನೋಡಿ :)

ಇನ್ನೊಂದು. "ಏನೇ ಆದರೂ ಮೊದಲು ಫೋನ್ ಮಾಡು, ಅವತ್ತು ಬೈಯಲ್ಲ, ಬೈಯೋದು ನಾಳೆ" ಅಂತ ಒಪ್ಪಂದ ಮಾಡಿಕೊಳ್ಳಿ. ನನ್ನ ಅಮ್ಮ ಈಗ ಹಾಗೆ ಮಾಡಿದ್ದಾರೆ. ನಾಳೆ ಖಂಡಿತ ಬೈಯುತ್ತಾರೆ, ಅದು ಬೇರೆ ಮಾತು.

ತೋಟದಮನೆ_ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್, ಡಾಕ್ಟರಿಗೆ ತೋರಿಸಿದ್ದೆವು, ಎದೆ ಚೆನ್ನಾಗಿದೆ ಅಂದರು.

ನಿನ್ನೆ ಸಂಜೆ ಮಾವನೇ ಕೂತು ಹಗ್ಗಕ್ಕೆ ಗಂಟು ಹಾಕಿಕೊಟ್ಟರು. ಕ್ಯಾನ್ ಎಸೆಯುವ ಆಟ ಶುರುವಾಗಿದೆ. ಮಗ ಮೊದಲು ದೂರ ನಿಂತು ನೋಡುತ್ತಿದ್ದ, ತಂಗಿ ಎಸೆದದ್ದು ತೆಂಗಿನಕಾಯಿಗೆ ತಾಗಿದ ಮೇಲೆ ಅವನಿಗೆ ತಡೆಯಲಾಗಲಿಲ್ಲ. ನಕ್ಷೆಯ ಹಾಳೆ ಇಬ್ಬರಿಗೂ ಕೊಟ್ಟಿದ್ದೇನೆ, ಮಗಂದು ಇನ್ನೂ ವಾಪಸ್ ಬಂದಿಲ್ಲ. ಕೇಳದೆ ಕಾಯುತ್ತಿದ್ದೇನೆ, ಕಷ್ಟ ಆಗುತ್ತಿದೆ.

ಆ ಹುಡುಗಿಯ ಬಗ್ಗೆ ಹೇಳಲೇಬೇಕು. ಅವರ ಮನೆಯವರು ಅಸ್ಸಾಮಿನಿಂದ ಬಂದವರು, ಕನ್ನಡ ಈಗೀಗ ಕಲಿಯುತ್ತಿದ್ದಾಳೆ. ಅವಳಿಗೆ ಹೊಸ ಬಟ್ಟೆ ಕೊಟ್ಟು, ದೋಟಿ ತರಬೇಕು ಅಂತ ನಿನಗೆ ಯಾರು ಹೇಳಿಕೊಟ್ಟರು ಅಂತ ಕೇಳಿದೆ. ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎರಡು ಸಲ ಕೇಳಿದ ಮೇಲೆ, "ಹೇಳಿಲ್ಲ. ಊರಲ್ಲಿ ಹೊಳೆ ದೊಡ್ಡದು. ಎಲ್ಲರೂ ಹೀಗೇ ಮಾಡ್ತಾರೆ" ಅಂದಳು. ಆಮೇಲೆ ನನ್ನ ಮಗಳನ್ನು ಕರೆದು, ಹೊಟ್ಟೆ ಮೇಲೆ ಹೇಗೆ ಮಲಗಬೇಕು ಅಂತ ಅಂಗಳದಲ್ಲೇ ಮಲಗಿ ತೋರಿಸಿದಳು. ಹೊಸ ಬಟ್ಟೆಯಲ್ಲೇ, ಕೆಸರಿನಲ್ಲೇ.