'ದಿ ಎಕ್ಸಾರ್ಸಿಸ್ಟ್: ಬಿಲೀವರ್' ಮನೆಮಂದಿ ಜೊತೆ ನೋಡಬಹುದಾ?

ತೀರ್ಥಹಳ್ಳಿಯಿಂದ ಕೇಳಿದ್ದು: ಶನಿವಾರ ತಂಗಿ ಮನೆಯವರು ಬರುತ್ತಿದ್ದಾರೆ. ರಾತ್ರಿ ಎಲ್ಲ ಸೇರಿ 2023ರ ಈ ದೆವ್ವದ ಸಿನಿಮಾ ಹಾಕೋಣ ಅಂತಿದ್ದೇವೆ. ಎಂಟನೇ ಕ್ಲಾಸಿನ ಹುಡುಗಿಯೂ ಇರುತ್ತಾಳೆ. ನೋಡಿದವರು ಹೇಳಿ, ಹೆದರಿಕೆ ಆಗುತ್ತಾ?

ಹೊಸನಗರದಿಂದ: ನಾವು ನೋಡಿದಾಗ ಪುನರ್ವಸು ಮಳೆ ಹಿಡಿದಿತ್ತು. ದೀಪ ಆರಿಸಿ, ಹಲಸಿನ ಹಪ್ಪಳ ಕರಿದಿಟ್ಟುಕೊಂಡು ಕೂತೆವು. ಹಪ್ಪಳ ಖಾಲಿಯಾಯಿತು, ಹೆದರಿಕೆ ಬರಲಿಲ್ಲ.

ಶುರು ಚೆನ್ನಾಗಿದೆ. ಇಬ್ಬರು ಹುಡುಗಿಯರು ಕಾಡಿಗೆ ಹೋಗಿ ಮೂರು ದಿನ ಕಾಣೆಯಾಗುತ್ತಾರೆ. ಸಿಕ್ಕಾಗ, ಕೆಲವೇ ಗಂಟೆ ಆಗಿದೆ ಅಂದುಕೊಂಡಿರುತ್ತಾರೆ. ಒಬ್ಬಳ ಅಪ್ಪ ಹೈಟಿಯ ಭೂಕಂಪದಲ್ಲಿ ಹೆಂಡತಿಯನ್ನು ಕಳೆದುಕೊಂಡವನು. ಇಷ್ಟೇ ಸಾಕಿತ್ತು ಅಲ್ವಾ? ಆದರೆ ಆಮೇಲೆ ಬೇರೆ ಬೇರೆ ನಂಬಿಕೆಯವರೆಲ್ಲ ಒಟ್ಟಿಗೆ ಸೇರಿ ದೆವ್ವ ಬಿಡಿಸಲು ಕೂರುತ್ತಾರೆ, ಪಂಚಾಯ್ತಿ ಮೀಟಿಂಗ್ ತರಹ. ಇನ್ನೊಬ್ಬ ಹುಡುಗಿಯ ಮನೆಯವರು ಎಂಥ ಜನ ಅಂತ ತಿಳಿಯುವುದೇ ಇಲ್ಲ. ಹಾಗಾಗಿ ಕೊನೆಗೆ, ಇಬ್ಬರಲ್ಲಿ ಒಬ್ಬಳನ್ನು ಆರಿಸಿಕೊಳ್ಳಿ ಅಂತ ದೆವ್ವ ಹೇಳಿದಾಗಲೂ ಕರುಳು ಚುರುಕ್ ಅನ್ನಲಿಲ್ಲ.

1973ರ ಮೊದಲ 'ಎಕ್ಸಾರ್ಸಿಸ್ಟ್' ಸಿನಿಮಾದಲ್ಲಿ ಅಮ್ಮನಾಗಿದ್ದ ನಟಿ ಎಲೆನ್ ಬರ್ಸ್ಟಿನ್ 50 ವರ್ಷದ ಮೇಲೆ ಬರುತ್ತಾರೆ ಅಂತ ಕಾದಿದ್ದೆ. ಬಂದರು, ಕಣ್ಣು ಕಳೆದುಕೊಂಡು ಆಸ್ಪತ್ರೆ ಮಂಚ ಸೇರಿದರು. ಅಷ್ಟೇ.

ನಡುವೆ ಕರೆಂಟ್ ಹೋಯಿತು. ಅಟ್ಟದ ಮೇಲೆ ಏನೋ ದಡದಡ ಓಡಿತು. ಅತ್ತೆ ತಣ್ಣಗೆ, "ಕಾಡುಬೆಕ್ಕು ಕಣೇ, ಬಾಳೆಗೊನೆ ಇಟ್ಟಿದೀನಲ್ಲ" ಅಂದರು. ಮಗ ಮಾತ್ರ ಬಚ್ಚಲಿಗೆ ಹೋಗುವವರೆಗೂ ನನ್ನ ಸೆರಗು ಬಿಡಲಿಲ್ಲ.

ಶಿವಮೊಗ್ಗದಿಂದ: ನಾನು ಥಿಯೇಟರಿನಲ್ಲಿ ನೋಡಿದೆ. ಹಿಂದಿನ ಸಾಲಿನವರು ನಗುತ್ತಿದ್ದರು. 1973ರ ಮೊದಲನೆಯದನ್ನೇ ನೋಡಿ, ಆದರೆ ಹುಡುಗಿ ಮಲಗಿದ ಮೇಲೆ. ಅದರಲ್ಲಿ ಬಾಯಿಂದ ಹೊಗೆಯ ಹಾಗೆ ಉಸಿರು ಬರುತ್ತಲ್ಲ, ಅದು ನಿಜವಾದ ಉಸಿರು. ನಿರ್ದೇಶಕ ಫ್ರೀಡ್ಕಿನ್ ಆ ಕೋಣೆಯ ಸೆಟ್ಟನ್ನೇ ಫ್ರಿಜ್ಜಿನ ಹಾಗೆ ಕೊರೆಯುವಂತೆ ಮಾಡಿಸಿದ್ದರು. ಹೊಸದರಲ್ಲಿ ಸುಮ್ನೆ ಸದ್ದು ಜಾಸ್ತಿ.

ಸಾಗರದಿಂದ: ಹುಡುಗಿ ಇದ್ದರೆ ಎರಡೂ ಬೇಡ, ರಕ್ತ ಮತ್ತು ಕೆಟ್ಟ ಮಾತು ಬಹಳ. ಅನಂತನಾಗ್-ಲಕ್ಷ್ಮಿ ಅವರ 1979ರ 'ನಾ ನಿನ್ನ ಬಿಡಲಾರೆ' ಹಾಕಿ. ಅದನ್ನು ನೋಡಿದ ಮೇಲೆ ನಮ್ಮಮ್ಮ ಎಷ್ಟೋ ದಿನ ಕತ್ತಲಾದ ಮೇಲೆ ಹಿತ್ತಿಲಿಗೆ ಒಬ್ಬರೇ ಹೋಗುತ್ತಿರಲಿಲ್ಲವಂತೆ. ಮತ್ತೆ, ಯುಪಿಎಸ್ ಮೊದಲೇ ಚಾರ್ಜ್ ಮಾಡಿಟ್ಟುಕೊಳ್ಳಿ. ನಮ್ಮ ಕಡೆ ಕ್ಲೈಮ್ಯಾಕ್ಸಿಗೆ ಸರಿಯಾಗಿ ಕರೆಂಟ್ ಹೋಗುತ್ತೆ.